ಇಪ್ಪತ್ತೆಂಟು ವೋಲ್ಟು

ಡಿಕ್ಕಿ ತೆರೆಯುವ ಮೊದಲೇ ಗೊತ್ತಾಯಿತು ನನಗೆ.
ಅರಗು ಸೀದಂಥ ವಾಸನೆ, ಅದರೊಳಗೊಂದು ಸಿಹಿ.
ಲರೇಡೊ ಊರಿನಲ್ಲಿ, ಗಡಿಸೇತುವೆಗೆ ಸಾಲುಗಟ್ಟಿದ ಲಾರಿಗಳ ಹೊಗೆಯಲ್ಲಿ
ಇಪ್ಪತ್ತಾರು ವರ್ಷ ಅಂಗಡಿ ಇಟ್ಟವಳ ಮೂಗು ಇದು, ಎವರಾರ್ಡೊ,
ಸತ್ತ ಸ್ಪೀಕರಿನ ಜಾತಕ ಹೇಳುತ್ತದೆ.

ಎರಡು ಹೆಬ್ಬೆರಳಲ್ಲಿ ಕೋನನ್ನು ಮೆಲ್ಲಗೆ ಒತ್ತಿದೆ.
ಕರಕರ ಅಂದಿತು, ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ.

‘ನಾನೂರು ವಾಟು ತಾಳುವ ಸ್ಪೀಕರು,
ನಾನು ಕೊಟ್ಟದ್ದು ಬರೀ ಮುನ್ನೂರು, ಹೇಗೆ ಸುಟ್ಟೀತು?’
ಅನ್ನುತ್ತೀಯ,
ಉಂಡು ಸತ್ತವರನ್ನು ಕಂಡಿದ್ದೇನೆ,
ಹಸಿದೂ ಸಾಯುತ್ತಾರೆಯೆ ಅನ್ನುವ ಹಾಗೆ.

ಪೆಟ್ಟಿಗೆಯ ಮೇಲೆ ಎರಡು ಸಾವಿರ ಎಂದು ಬರೆದಿತ್ತು,
ಸುತ್ತ ಬೆಂಕಿಯ ಚಿತ್ರ.
ಅದು ಮದುವೆಯ ದಿನ ಗಂಡು ಆಡಿದ ಮಾತು.
ದಿನಾ ದುಡಿದು ಮನೆಗೆ ತರುವುದೆಷ್ಟು, ಅದನ್ನು ಕೇಳಬೇಕಿತ್ತು.
ಒಳಗಿನ ಹಾಳೆಯ ಕೊನೆಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ
ಇತ್ತಲ್ಲ: ಆರ್‌ಎಂಎಸ್, ಮುನ್ನೂರು.

ಆ ಮುನ್ನೂರರವನ ಹತ್ತಿರ ಗುಡುಗು ಕೇಳಿದೆ ನೀನು.
ಗೇನ್ ತಿರುಪನ್ನು ಕೊನೆಮುಟ್ಟ ತಿರುಗಿಸಿದೆ.
ಅಲೆ ಏರಿತು, ಏರಿತು, ಸೂರಿಗೆ ತಲೆ ಬಡಿಯಿತು,
ಮೇಲೆ ಜಾಗವಿಲ್ಲದೆ ಅಲ್ಲೇ ಚಪ್ಪಟೆಯಾಗಿ ನಿಂತಿತು,
ಗುಡ್ಡದ ನೆತ್ತಿ ಕೊಯ್ದು ಸಪಾಟು ಮಾಡಿದಂತೆ.
ಇಲ್ಲದ್ದನ್ನು ಕೊಡಹೊರಟವನು ಕಿರುಚಿದರೆ
ಮುನ್ನೂರು ಹೋಗಿ ಹತ್ತಿರ ಹತ್ತಿರ ಆರುನೂರು,
ಸ್ವರವಲ್ಲ, ಬರೀ ಕಾವು.
ತಾಮ್ರದ ಸುರುಳಿ ಒಳಗೆ ಕೂತು ಅದನ್ನು ಕುಡಿಯಿತು.
ನೀನು ಹಾಡು ಎಂದುಕೊಂಡೆ.

ನನ್ನ ಮೊದಲ ಗಂಡ ಹೀಗೇ ಇದ್ದ.
ಆ ಮಾತು ಬಿಡು.

ಇಗೋ, ಇವನು ಐನೂರು.
ಎಂಟು ಕೇಳಿದರೆ ಹತ್ತು ಇರುವವನು, ಆದರೂ ಎಂಟೇ ಕೊಡುವವನು.
ನಿನ್ನ ಸ್ಪೀಕರಿಗೆ ಎರಡು ಸುರುಳಿ, ಒಂದೊಂದೂ ನಾಲ್ಕು ಓಮು.
ಪಕ್ಕಪಕ್ಕಕ್ಕೆ ಕಟ್ಟಿದರೆ ಎರಡು,
ಒಂದರ ಬಾಲಕ್ಕೊಂದು ಕಟ್ಟಿದರೆ ಎಂಟು.
ಎರಡಕ್ಕೆ ಒಗ್ಗುವವನು ಇವನು. ಎಂಟಕ್ಕೆ ತೂಕಡಿಸುತ್ತಾನೆ.
ಭೂಮಿಯ ತಂತಿಗೆ ಬಣ್ಣದ ಮೇಲೆ ಬೋಲ್ಟು ಹೊಡೆದವರಾರು? ನಿನ್ನ ಭಾವನೆ?
ಉಜ್ಜು. ಬರೀ ಲೋಹ ಮಿನುಗುವ ತನಕ ಉಜ್ಜು.
ಬಣ್ಣ ಹಚ್ಚಿದ ಮುಖಕ್ಕೆ ಯಾವ ಮಾತೂ ಇಳಿಯುವುದಿಲ್ಲ.

ಆಮೇಲೆ ಸ್ಪೀಕರಿನ ತಂತಿ ಬಿಚ್ಚಿಟ್ಟು
ನಲವತ್ತು ಹರ್ಟ್ಸಿನ ಒಂದೇ ಸ್ವರ ಹಚ್ಚಿದೆ.
ಈ ಕೆಲಸದಲ್ಲಿ ನನಗಿಷ್ಟವಾದ ಗಳಿಗೆ ಇದು:
ಹಳೆಯ ಬ್ಯೂಕ್ ಕಾರಿನ ಡಿಕ್ಕಿಯಲ್ಲಿ ಯಾರಿಗೂ ಕೇಳದ ಗುಡುಗು
ತಂತಿಯ ತುದಿಯಲ್ಲಿ ತುಂಬಿ ನಿಂತಿರುತ್ತದೆ,
ಮೀಟರಿನ ಅಂಕಿಯಲ್ಲಿ ಮಾತ್ರ ಉಸಿರಾಡುತ್ತದೆ.
ಹತ್ತೊಂಬತ್ತು. ಇಪ್ಪತ್ತೆರಡೂವರೆ. ಇಪ್ಪತ್ತೈದು.
ನಾನೂರನ್ನು ಎರಡರಿಂದ ಗುಣಿಸು, ವರ್ಗಮೂಲ ತೆಗೆ:
ಇಪ್ಪತ್ತೆಂಟು, ಚೂರು ಮೇಲೆ.
ಶಾಲೆಯಲ್ಲಿ ಇದನ್ನೇ ಕಲಿಸಿದ್ದರು, ಯಾತಕ್ಕೆಂದು ಹೇಳಿರಲಿಲ್ಲ.

ತಿರುಪಿನ ಮೇಲೆ ನೈಲ್ ಪಾಲಿಶಿನ ಕೆಂಪು ಚುಕ್ಕೆ ಇಟ್ಟು
‘ಇಪ್ಪತ್ತೆಂಟು’ ಎಂದೆ. ‘ಇದನ್ನು ದಾಟಬೇಡ.’
ತಾಯಿಯ ಮೇಲೆ ಆಣೆ ಇಟ್ಟೆ ನೀನು,
ಟೈರ್ ಅಂಗಡಿಯ ಎರಡು ವಾರದ ಸಂಬಳ ಎಣಿಸಿ ಕೊಟ್ಟೆ.

ಶುಕ್ರವಾರ ರಾತ್ರಿ ಹನ್ನೊಂದಕ್ಕೆ
ಎದುರಿನ ಒರ್ಟೆನ್ಸಿಯಾಳ ಬೇಕರಿಯ ಗಾಜು ನಡುಗಿತು,
ಮೇಜಿನ ಲೋಟದಲ್ಲಿ ನೀರು ಬಳೆಬಳೆಯಾಯಿತು.
ಪಾದದ ಅಡಿಯಿಂದ ಬಂದು ಹೊಟ್ಟೆಯಲ್ಲಿ ಕೂರುವ ಸದ್ದು,
ಅಂಚಿಲ್ಲದ್ದು, ಗುಂಡಗಿನದು.
ಕಿವಿಗೊಟ್ಟೆ. ದಾಟಿದ್ದೀಯ,
ಚುಕ್ಕೆಯಿಂದ ಒಂದು ಕೂದಲೆಳೆ ಆಚೆಗೆ.
ಹತ್ತೊಂಬತ್ತು ವರ್ಷದವನಲ್ಲವೆ.

ಅವತ್ತು ನೀನು ಕೋಲಾ ತರಲು ಹೋದಾಗ
ನಾನು ನಿಲ್ಲಿಸಿದ್ದು ಇಪ್ಪತ್ತಾರಕ್ಕೆ.

ನಂಬರ್ ಪ್ಲೇಟು ಮಾತ್ರ ಗಲಗಲ ಅನ್ನುತ್ತಿದೆ.
ಹಿಂದೊಂದು ರಬ್ಬರ್ ಇಡಬೇಕಿತ್ತು.
ಸೋಮವಾರ ಬಾ.